ಉಕ್ಕಿನೊಳಗೆ ಚಿಗುರುವ ಜರಿಗಿಡ

ನಾಟಿ ಕೆಲಸ ಮುಗಿದು ಸೆಪ್ಟೆಂಬರ್ ತಿಂಗಳು ಕಾಲಿಡುತ್ತಿದ್ದಂತೆ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಸಡಗರ. ಅಂದು ಕೋವಿಯ ಜೊತೆಗೆ ಒಡಿಕತ್ತಿ, ಪೀಚೆಕತ್ತಿಗಳನ್ನೂ ಶುಚಿಗೊಳಿಸಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜೆಗಿಡುತ್ತಾರೆ. ಅಗಲ ಅಲಗಿನ ಬಾಗಿದ ಒಡಿಕತ್ತಿಗೆ ಬೆನ್ನಿನ ಕಡೆಯ ತೋಡಂಗ್ ಆಸರೆ. ಬೆಳ್ಳಿ ಕುಸುರಿಯ ಪೀಚೆಕತ್ತಿಗೆ ಸೊಂಟದ ಚೇಲೆಯೇ ನೆಲೆ. ಕತ್ತಿಯ ಅಂದ ಹಿಡಿಯಲ್ಲಿ ಕಾಣುತ್ತದೆ. ಅದರ ಸತ್ವ ಮಾತ್ರ ಅಲಗಿನ ಲೋಹದಲ್ಲಿ ಅಡಗಿರುತ್ತದೆ. ಎರಕದ ಉಕ್ಕಾದರೆ ಆ ಸತ್ವದ ಬಹುಪಾಲು ಕಮ್ಮಾರನ ಸುತ್ತಿಗೆ ಬೀಳುವುದಕ್ಕೂ ಮೊದಲೇ, ಕರಗಿದ ಲೋಹ ಹೆಪ್ಪುಗಟ್ಟುವ ಹೊತ್ತಿನಲ್ಲೇ ನಿರ್ಧಾರವಾಗಿರುತ್ತದೆ.

ಕೊಡಗಿನ ನೆರೆಯ ಮೈಸೂರು ಸೀಮೆ ಒಂದು ಕಾಲಕ್ಕೆ ಇಂಥ ಉಕ್ಕಿಗೆ ಹೆಸರುವಾಸಿಯಾಗಿತ್ತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಈ ಸೀಮೆಯ ಪ್ರವಾಸ ಕೈಗೊಂಡ ಫ್ರಾನ್ಸಿಸ್ ಬುಕಾನನ್ ಉಕ್ಕು ತಯಾರಿಸುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮಣ್ಣಿನ ಪುಟ್ಟ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಗಿಡದ ಕಡ್ಡಿ, ಹಸಿರೆಲೆಗಳನ್ನಿಟ್ಟು ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಯಿಸುತ್ತಿದ್ದರು. ಕಡ್ಡಿ ಮತ್ತು ಎಲೆಗಳ ಇಂಗಾಲ ಕಬ್ಬಿಣವನ್ನು ಸೇರಿ ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ತಯಾರಾಗುತ್ತಿದ್ದುದನ್ನೂ ಅವನು ದಾಖಲಿಸಿದ್ದಾನೆ.

ಯುರೋಪಿನ ವಿದ್ವಾಂಸರು ಭಾರತದ ಈ ಉಕ್ಕನ್ನು ‘ವೂಟ್ಜ್’ ಎಂದು ಕರೆದರು. ಕನ್ನಡದ ‘ಉಕ್ಕು’ ಪದವೇ ಹೀಗೆ ರೂಪ ಬದಲಿಸಿತೆಂಬುದು ಅನೇಕರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಸಲ್ಲಿಸಿದ. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ 1819ರ ಸುಮಾರಿಗೆ ಅದನ್ನು ವಿಶ್ಲೇಷಿಸಿದ. ಆದರೂ ಅಲಗಿನ ಮೇಲೆ ಮೂಡುವ ನೀರಲೆಯಂಥ ಚಿತ್ತಾರ ಹೇಗೆ ಬರುತ್ತದೆಂಬ ಗುಟ್ಟು ಒಡೆಯಲಿಲ್ಲ.

ಆ ಗುಟ್ಟು ಇದ್ದುದು ಹರಳುಗಳಲ್ಲಿ. ಕರಗಿದ ಲೋಹ ಆರುವಾಗ ಅಲ್ಲಲ್ಲಿ ಹರಳುಗಳು ಹುಟ್ಟಿ, ಕೊಡಗಿನ ಕಾಡಿನ ಜರಿಗಿಡದಂತೆ ಕಾಂಡ, ರೆಂಬೆ, ಕಿರುರೆಂಬೆಗಳನ್ನು ಚಾಚುತ್ತವೆ. ವಿಜ್ಞಾನಿಗಳು ಇವನ್ನು ಡೆಂಡ್ರೈಟ್ ಎನ್ನುತ್ತಾರೆ. ಐಸ್ ಕ್ಯಾಂಡಿಯಲ್ಲಿ ನೀರು ಮೊದಲು ಗಟ್ಟಿಯಾಗಿ ಸಿಹಿಯೂ ಬಣ್ಣವೂ ಉಳಿದ ದ್ರವಕ್ಕೆ ಸರಿಯುವುದಿಲ್ಲವೇ? ಹಾಗೆಯೇ ಇಲ್ಲೂ ಇಂಗಾಲ ಮತ್ತಿತರ ಬೆರಕೆಗಳು ರೆಂಬೆಗಳ ನಡುವೆ ಕೊನೆಯಲ್ಲಿ ಗಟ್ಟಿಯಾಗುವ ದ್ರವದಲ್ಲಿ ಸೇರಿಕೊಳ್ಳುತ್ತವೆ. ನಿಧಾನವಾಗಿ ಆರಿದಷ್ಟೂ ರೆಂಬೆಗಳ ನಡುವಿನ ಅಂತರ ಹೆಚ್ಚು.

1990ರ ದಶಕದಲ್ಲಿ ಅಮೆರಿಕದ ಜಾನ್ ವರ್ಹೋವೆನ್ ಎಂಬ ಲೋಹವಿಜ್ಞಾನಿ ಆಲ್ಫ್ರೆಡ್ ಪೆಂಡ್ರೆ ಎಂಬ ಕಮ್ಮಾರನ ಜೊತೆಗೂಡಿ ಇಂಥ ಅಲಗುಗಳನ್ನು ಮತ್ತೆ ತಯಾರಿಸಿದ. ಶೇಕಡಾ 0.01ಕ್ಕೂ ಕಡಿಮೆ ವೆನೇಡಿಯಂ ಇದ್ದರೂ ಸಾಕು, ರೆಂಬೆಗಳ ನಡುವೆ ಸೇರಿದ ಅದು ಮತ್ತೆ ಮತ್ತೆ ಕಾಯಿಸಿ ಬಡಿದಾಗ ಚಿತ್ತಾರಕ್ಕೆ ದಾರಿಯಾಗುತ್ತದೆಂದು ಅವರು ತೋರಿಸಿದರು. ಬೇರೆ ಗಣಿಯ ಅದಿರು ಬಂದು ಆ ಬೆರಕೆ ತಪ್ಪಿದಾಗ, ಹಳೆಯ ಕ್ರಮವನ್ನೇ ಪಾಲಿಸಿದರೂ ಚಿತ್ತಾರ ಮೂಡದೆ ಹೋಗಿರಬಹುದು ಎಂಬುದು ಅವರ ಊಹೆ. ಕಾರಣ ತಿಳಿಯದ ಕುಶಲತೆ ಅದಿರಿನ ಜೊತೆಗೇ ಕಳೆದುಹೋಗಬಲ್ಲದು.

ಮುಚ್ಚಿದ ಮೂಸೆಯೊಳಗೆ ಕಣ್ಣು ಹಾಯಿಸುವುದು ಸಾಧ್ಯವಿಲ್ಲ. ಆ ಕೊರತೆಯನ್ನು ಕಂಪ್ಯೂಟರ್ ತುಂಬುತ್ತಿದೆ. ಲೋಹವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಯಾವ ಚೌಕ ದ್ರವ, ಯಾವುದು ಘನ, ಶಾಖ ಎತ್ತ ಹರಿಯುತ್ತದೆ ಎಂಬುದನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿದರೆ ಪರದೆಯ ಮೇಲೆ ಜರಿಗಿಡ ಚಿಗುರುತ್ತದೆ. ಜಪಾನಿನ ರ್ಯೋ ಕೊಬಾಯಾಶಿ 1993ರಲ್ಲಿ ಇದನ್ನು ಅಂದವಾಗಿ ಮಾಡಿ ತೋರಿಸಿದ. ಹರಳುಗಳು ಬೆಳೆಯುವುದಷ್ಟೇ ಅಲ್ಲ, ಚಲಿಸುತ್ತವೆ ಕೂಡ. ಘನ ಕಬ್ಬಿಣ ತನ್ನ ದ್ರವಕ್ಕಿಂತ ಭಾರವಾದ್ದರಿಂದ ಬಿಡಿ ಹರಳುಗಳು ಕೆಳಗಿಳಿಯುತ್ತವೆ, ದ್ರವದ ಸೆಳೆತಕ್ಕೆ ತಿರುಗುತ್ತವೆ. ಎರಕದ ಮೇಲೆ ಕೆಳಗೆ ಗುಣವೇ ಬೇರೆಯಾಗುತ್ತದೆ. ಈ ಚಲನೆಯನ್ನೂ ಲೆಕ್ಕಕ್ಕೆ ತರುವ ಮಾದರಿಗಳು ನಂತರ ಬಂದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಲೋಹಗಳ ಘನೀಕರಣವನ್ನು ಹೀಗೆ ಕಂಪ್ಯೂಟರಿನಲ್ಲಿ ಅಭ್ಯಸಿಸಲಾಗಿದೆ.

ಆದರೆ ಲೆಕ್ಕ ಸರಿಯೇ ಎಂದು ಒರೆಗೆ ಹಚ್ಚಲು ನಿಜವಾದ ಲೋಹವೇ ಬೇಕು. ಎರಕದ ಉಕ್ಕಿನ ಹಳೆಯ ಅಲಗು ತಾನು ಹೆಪ್ಪುಗಟ್ಟಿದ ಬಗೆಯ ಗುರುತನ್ನು ಇನ್ನೂ ಒಡಲಲ್ಲಿಟ್ಟುಕೊಂಡಿರುತ್ತದೆ. ಸುತ್ತಿಗೆಯ ಏಟು ಅದನ್ನು ಚಪ್ಪಟೆಯಾಗಿಸುತ್ತದೆಯೇ ಹೊರತು ಪೂರ್ತಿ ಅಳಿಸುವುದಿಲ್ಲ. ಗುಜರಿಗೆ ಹೋಗಿ ಮತ್ತೆ ಕರಗಿದರೆ ಆ ದಾಖಲೆ ಮುಗಿದಂತೆಯೇ. ಐನ್‌ಮನೆಗಳಲ್ಲಿ ವರ್ಷಕ್ಕೊಮ್ಮೆ ಹೂವಿಟ್ಟು ಹಳೆಯ ಕತ್ತಿಗಳನ್ನು ಕಾಪಾಡಿಕೊಂಡು ಬಂದ ಪದ್ಧತಿಗೆ, ಭಕ್ತಿಯ ಜೊತೆಗೆ, ಈ ಬೆಲೆಯೂ ಇದೆ.