ಕ್ಷಯದ ಬ್ಯಾಕ್ಟೀರಿಯಾ ಮತ್ತು ಮದ್ದಿನ ಲೆಕ್ಕ

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಜಗತ್ತಿನ ಮುಂದಿಟ್ಟ. ರೋಗಕ್ಕೆ ಕಾರಣ ಸಿಕ್ಕಿತು. ಆದರೆ ಅದು ದೇಹದೊಳಗೆ ಹೇಗೆ ಬದುಕಿ ಉಳಿಯುತ್ತದೆ ಎಂಬುದರ ಸುಳಿವು ಸಿಗಲು ಇನ್ನೂ ತೊಂಬತ್ತು ವರ್ಷ ಬೇಕಾಯಿತು. ಮದ್ದು ಅದಕ್ಕೂ ಮೊದಲೇ ಬಂದುಬಿಟ್ಟಿತ್ತು. ಶತ್ರುವಿನ ಪೂರ್ತಿ ಪರಿಚಯವಾಗುವ ಮುನ್ನವೇ ಯುದ್ಧಕ್ಕಿಳಿದದ್ದರ ಬೆಲೆಯನ್ನು ಈ ಕ್ಷೇತ್ರ ಮತ್ತೆ ಮತ್ತೆ ತೆತ್ತಿದೆ.

ರೋಗಿ ಕೆಮ್ಮಿದಾಗ ಹಾರುವ ಅತಿ ಸಣ್ಣ ಹನಿಗಳು ಇನ್ನೊಬ್ಬರ ಶ್ವಾಸಕೋಶದ ಗಾಳಿಗೂಡುಗಳಿಗೆ ಇಳಿಯುತ್ತವೆ. ಅಲ್ಲಿ ಕಾವಲಿಗಿರುವ ಮ್ಯಾಕ್ರೋಫೇಜ್ ಎಂಬ ಕೋಶ ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ನುಂಗಿದ್ದು ಲೈಸೋಸೋಮಿನ ಕಿಣ್ವಗಳಲ್ಲಿ ಅರಗಿಹೋಗಬೇಕು, ಅದು ನಿಯಮ. 1971ರಲ್ಲಿ ಆರ್ಮ್‌ಸ್ಟ್ರಾಂಗ್ ಮತ್ತು ಡಿ'ಆರ್ಸಿ ಹಾರ್ಟ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದೇ ಬೇರೆ: ಜೀವಂತ ಬ್ಯಾಕ್ಟೀರಿಯಾ ಇರುವ ಚೀಲದ ಜೊತೆ ಲೈಸೋಸೋಮ್ ಬಹುಮಟ್ಟಿಗೆ ಕೂಡುತ್ತಿರಲಿಲ್ಲ. ಕೊಲ್ಲಲು ಬಂದ ಕೋಶವೇ ಅದಕ್ಕೆ ವಾಸದ ಮನೆ. ಕ್ಷಯದ ಬಿಸಿಜಿ ಲಸಿಕೆಯಲ್ಲಿರುವ ದುರ್ಬಲಗೊಂಡ ತಳಿಯಲ್ಲಿ ಆರ್‌ಡಿ1 ಎಂಬ ಜೀನ್ ಸಮೂಹ ಇಲ್ಲವೆಂದು 1990ರ ದಶಕದಲ್ಲಿ ಗೊತ್ತಾಯಿತು. ರೋಗಕಾರಕ ಪ್ರೋಟೀನುಗಳನ್ನು ಹೊರಹಾಕುವ ವ್ಯವಸ್ಥೆಯ ಜೀನುಗಳು ಅಲ್ಲಿಯೇ ಇದ್ದವು. ಮುಂದೆ ಲಲಿತಾ ರಾಮಕೃಷ್ಣನ್ ಅವರ ತಂಡ ಜೀಬ್ರಾಮೀನಿನ ಪಾರದರ್ಶಕ ಮರಿಗಳಲ್ಲಿ, ಕ್ಷಯದ ಸೋದರ ಬ್ಯಾಕ್ಟೀರಿಯಾವನ್ನು ಬಳಸಿ, ಇನ್ನೊಂದು ನಂಬಿಕೆಯನ್ನೂ ಅಲುಗಿಸಿತು. ದೇಹ ಕಟ್ಟುವ ಗ್ರ್ಯಾನ್ಯುಲೋಮಾ ಗಂಟು ಬರೀ ಬಂದೀಖಾನೆಯಲ್ಲ. ಸೋಂಕಿನ ಆರಂಭದಲ್ಲಿ ಅದು ಹೊಸ ಮ್ಯಾಕ್ರೋಫೇಜುಗಳನ್ನು ಕರೆತಂದು ಬ್ಯಾಕ್ಟೀರಿಯಾಕ್ಕೇ ಒಪ್ಪಿಸುತ್ತದೆ.

ಇನ್ನು ಮದ್ದು. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. (ನೊಬೆಲ್ ಮಾತ್ರ ವ್ಯಾಕ್ಸ್‌ಮನ್ ಒಬ್ಬರಿಗೇ ಬಂತು.) ಆ ಮದ್ದನ್ನು ಪರೀಕ್ಷಿಸಿದ ಬ್ರಿಟನ್ನಿನ ಪ್ರಸಿದ್ಧ ಪ್ರಯೋಗದಲ್ಲಿ ಆರು ತಿಂಗಳ ಹೊತ್ತಿಗೆ ಮದ್ದು ಪಡೆದ 55 ಜನರಲ್ಲಿ ನಾಲ್ವರು ಸತ್ತರು, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14. ಎಲ್ಲರೂ ನೆನೆಯುವುದು ಈ ಅಂಕಿಗಳನ್ನು. ಐದು ವರ್ಷ ಕಳೆಯುವಷ್ಟರಲ್ಲಿ ಎರಡು ಗುಂಪುಗಳ ಅಂತರ ಬಹುಮಟ್ಟಿಗೆ ಕರಗಿಹೋಗಿತ್ತೆಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಮದ್ದಿಗೆ ಬಗ್ಗದ ತಳಿಗಳು ಬೆಳೆದುಬಿಟ್ಟಿದ್ದವು.

ಇದರ ಹಿಂದಿರುವುದು ಸರಳ ಲೆಕ್ಕ. ಶ್ವಾಸಕೋಶದ ಒಂದು ಕುಹರದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅವುಗಳಲ್ಲಿ ಹತ್ತು ಲಕ್ಷಕ್ಕೊಂದರಂತೆ ಐಸೋನಿಯಾಜಿಡ್ ಎಂಬ ಮದ್ದಿಗೆ, ಹತ್ತು ಕೋಟಿಗೊಂದರಂತೆ ರಿಫಾಂಪಿಸಿನ್ ಎಂಬ ಇನ್ನೊಂದು ಮದ್ದಿಗೆ ಮಣಿಯದವು ಮೊದಲಿನಿಂದಲೇ ಇರುತ್ತವೆ. ಮದ್ದು ಅವನ್ನು ಹುಟ್ಟಿಸುವುದಿಲ್ಲ, ಉಳಿದವನ್ನು ಕೊಂದು ಅವಕ್ಕೆ ಜಾಗ ತೆರವು ಮಾಡಿಕೊಡುತ್ತದೆ. ಎರಡು ಮೂರು ಮದ್ದು ಒಟ್ಟಿಗೆ ಕೊಟ್ಟರೆ ಎಲ್ಲಕ್ಕೂ ಮಣಿಯದ ಬ್ಯಾಕ್ಟೀರಿಯಾ ಇರುವ ಸಂಭವ ತೀರಾ ಕಡಿಮೆ. ಪಿಎಎಸ್ ಎಂಬ ಮದ್ದಿನ ಜೊತೆ ಸ್ಟ್ರೆಪ್ಟೊಮೈಸಿನ್, ಆಮೇಲೆ 1952ರಲ್ಲಿ ಬಂದ ಐಸೋನಿಯಾಜಿಡ್: ಚಿಕಿತ್ಸೆ ನಿಂತದ್ದೇ ಈ ಕೂಡಿಕೆಯ ಮೇಲೆ. ಐಸೋನಿಯಾಜಿಡ್ಡನ್ನು ಚುರುಕುಗೊಳಿಸುವುದು ಬ್ಯಾಕ್ಟೀರಿಯಾದ್ದೇ ಆದ ಕ್ಯಾಟ್‌ಜಿ ಕಿಣ್ವವೆಂದು 1992ರಲ್ಲಿ ತಿಳಿಯಿತು. ಆ ಕಿಣ್ವ ಕೆಟ್ಟರೆ ಮದ್ದು ಮದ್ದಾಗುವುದೇ ಇಲ್ಲ.

ಈ ಚಿಕಿತ್ಸೆಯ ಕಥೆಯಲ್ಲಿ ಭಾರತದ ಪಾಲು ದೊಡ್ಡದು. ಸ್ಯಾನಟೋರಿಯಮ್ಮಿನಲ್ಲಿರಲಿ ಮನೆಯಲ್ಲಿರಲಿ, ಮಾತ್ರೆ ನುಂಗಿದರೆ ಫಲ ಒಂದೇ ಎಂದು ಮದರಾಸಿನ ಪ್ರಯೋಗ 1959ರಲ್ಲಿ ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿನ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದತಕ್ಕದ್ದು: ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ರೋಗಲಕ್ಷಣದ ಅರಿವಿತ್ತು, ಅರ್ಧದಷ್ಟು ಜನ ಚಿಕಿತ್ಸೆ ಹುಡುಕಿಕೊಂಡೂ ಹೋಗಿದ್ದರು. ಜನ ಅಜ್ಞಾನಿಗಳೆಂಬ ನೆಪ ಅಲ್ಲಿಗೇ ಬಿತ್ತು.

ಆದರೆ ಕೂಡಿಕೆಯ ಮದ್ದನ್ನೂ ಬ್ಯಾಕ್ಟೀರಿಯಾ ಮೀರತೊಡಗಿತು. 1990ರ ಆಸುಪಾಸಿನಲ್ಲಿ ನ್ಯೂಯಾರ್ಕ್‌ನಲ್ಲಿ ಹಲವು ಮದ್ದುಗಳಿಗೆ ಬಗ್ಗದ ಕ್ಷಯ (ಬಹುಔಷಧ ನಿರೋಧಕ ಟಿಬಿ) ಹರಡಿತು. 2006ರಲ್ಲಿ ವರದಿಯಾದ ದಕ್ಷಿಣ ಆಫ್ರಿಕಾದ ಟುಗೇಲಾ ಫೆರಿ ಪ್ರಕರಣದಲ್ಲಿ, ಇನ್ನೂ ಹೆಚ್ಚು ಮದ್ದುಗಳಿಗೆ ಬಗ್ಗದ ತಳಿ ತಗಲಿದ 53 ರೋಗಿಗಳಲ್ಲಿ 52 ಮಂದಿ ಸತ್ತರು. 2012ರ ಕೊನೆಗೆ ಅಮೆರಿಕದಲ್ಲಿ ಅನುಮತಿ ಪಡೆದ ಬೆಡಾಕ್ವಿಲಿನ್ ಎಂಬ ಮದ್ದು ಬ್ಯಾಕ್ಟೀರಿಯಾದ ಶಕ್ತಿ ಉತ್ಪಾದನೆಗೇ ಕೈಹಾಕಿತು. ಅದನ್ನೊಳಗೊಂಡ ಆರು ತಿಂಗಳ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಹೊತ್ತಿಗಾಗಲೇ ಬ್ಯಾಕ್ಟೀರಿಯಾ ಮದ್ದನ್ನು ಹೊರಗೆ ತಳ್ಳುವ ತನ್ನ ಪಂಪಿನ ಕಡಿವಾಣವನ್ನು ಸಡಿಲಿಸಿಕೊಂಡು ಬೆಡಾಕ್ವಿಲಿನ್ನನ್ನೂ ಕ್ಲೋಫಾಜಿಮಿನ್ ಎಂಬ ಇನ್ನೊಂದು ಮದ್ದನ್ನೂ ಒಟ್ಟಿಗೇ ಹೊರದೂಡುವುದು ಕಂಡುಬಂದಿತ್ತು, ಅದೂ ಬೆಡಾಕ್ವಿಲಿನ್ ಮುಟ್ಟಿಯೇ ಇರದ ಕೆಲವು ರೋಗಿಗಳಲ್ಲೂ. ರಿಫಾಂಪಿಸಿನ್ ನಿರೋಧವನ್ನು ಎರಡು ಗಂಟೆಯಲ್ಲಿ ಪತ್ತೆಮಾಡುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯ ಕಣ್ಣಿಗೆ ಈ ಬದಲಾವಣೆ ಬೀಳುವುದಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿ ನೋಡೋಣವೆಂದರೆ, ಇದು ಒಂದು ಸಲ ಇಬ್ಭಾಗವಾಗಲು ಸುಮಾರು ಇಪ್ಪತ್ತು ಗಂಟೆ ತೆಗೆದುಕೊಳ್ಳುವ ಜೀವಿ. ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು.