ಸರ್ವಜಿತ್ ಸಂವತ್ಸರದ ಶರತ್ತು

ಶರದೃತುವೆಂದರೆ ಆಶ್ವಯುಜ ಕಾರ್ತಿಕ ಮಾಸಗಳೆಂಬುದು ಸುವಿದಿತವಷ್ಟೆ. ವೇದದಲ್ಲಿ ಈ ಶಬ್ದವು ಸಂವತ್ಸರಕ್ಕೂ ಪರ್ಯಾಯವಾಗಿ ಬಂದಿದೆ. ಆಯುಸ್ಸನ್ನು ಶರತ್ತುಗಳಿಂದ ಎಣಿಸಿದ ಆ ಹಿರಿಯರನ್ನನುಸರಿಸಿ, ನಾಡಿನ ಚರಿತ್ರೆಯನ್ನೂ ಒಂದು ಶರತ್ತಿನ ಮೂಲಕ ನೋಡಬಹುದೆಂಬುದು ಈ ಲೇಖನದ ಆಶಯ. ಇದಕ್ಕೆ ನಾನು ಆರಿಸಿಕೊಂಡಿರುವುದು ಕ್ರಿ. ಶ. ೧೯೪೭ರ, ಎಂದರೆ ಸರ್ವಜಿತ್ ಸಂವತ್ಸರದ, ಮೈಸೂರು ಸೀಮೆಯ ಶರತ್ತು. ಅರಮನೆಯ ದಸರೆಯನ್ನು ವರ್ಣಿಸಿದವರು ಅನೇಕರಿರುವುದರಿಂದ ನಾವು ಸಾಮಾನ್ಯ ಗೃಹಸ್ಥನ ಹೊಸಿಲನ್ನು ದಾಟಿ ಒಳಗೆ ನೋಡೋಣ.

ಆ ವರ್ಷ ಶ್ರಾವಣವು ಅಧಿಕವಾಗಿ ಬಂದಿತ್ತು. ದೇಶವು ಸ್ವತಂತ್ರವಾದ ಆಗಸ್ಟ್ ೧೫ನೆಯ ದಿನವು ಆ ಅಧಿಕಮಾಸದ ಕೊನೆಗೆ ಬಿದ್ದಿತು. ಆದಕಾರಣ ಹಬ್ಬಗಳೆಲ್ಲವೂ ಹಿಂದೆ ಸರಿದು, ಮಹಾಲಯ ಅಮಾವಾಸ್ಯೆಯು ಅಕ್ಟೋಬರ್ ೧೪ಕ್ಕೂ ವಿಜಯದಶಮಿಯು ೨೪ಕ್ಕೂ ಬಂದುವು. ಸಂಸ್ಥಾನದ ಪ್ರಜೆಗಳಿಗೆ ಸ್ವಾತಂತ್ರ್ಯವೂ ಹಾಗೆಯೇ ತಡವಾಯಿತು. ದಿವಾನರ ಆಡಳಿತವು ಮುಂದುವರಿದುದರಿಂದ ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರ್ ೧ರಂದು 'ಮೈಸೂರು ಚಲೋ' ಚಳವಳಿಯು ಮೊದಲಾಯಿತು. ಮುಖಂಡರು ಸೆರೆಯಾದರು, ವಿದ್ಯಾರ್ಥಿಗಳು ಶಾಲೆಗಳನ್ನು ಬಿಟ್ಟು ಬೀದಿಗಿಳಿದರು. ಸೆಪ್ಟೆಂಬರ್ ೧೩ರಂದು ಮೈಸೂರು ನಗರದಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿಯು ಗುಂಡಿಗೆ ಬಲಿಯಾದನು. ಆತನ ಹೆಸರಿನ ವೃತ್ತವು ಇಂದಿಗೂ ಅಲ್ಲಿದೆ.

ಅದಾದ ಕೆಲವೇ ದಿನಗಳಲ್ಲಿ ಗೌರೀ ಗಣೇಶರ ಹಬ್ಬ ಬಂದಿತು. ಮಗನು ಸೆರೆಮನೆಯಲ್ಲಿರುವಾಗ ತಾಯಿಯು ಗೌರಿಗೆ ಬಾಗಿನವನ್ನು ಸಿದ್ಧಪಡಿಸಿದ ಮನೆಗಳೆಷ್ಟೋ! ಹಬ್ಬವನ್ನು ಬಿಡುವಂತಿಲ್ಲ; ಮಾಡಲು ಮನಸ್ಸಿಲ್ಲ. ತಂದೆಯು ಸರ್ಕಾರಿ ನೌಕರನಾಗಿದ್ದರಂತೂ ಊಟದ ಎಲೆಯ ಮುಂದೆ ಮಗನ ಹೆಸರನ್ನೆತ್ತುವುದೂ ಕಷ್ಟವಾಗಿತ್ತು.

ಇದರ ಜೊತೆಗೆ ಧಾನ್ಯದ ಕೊರತೆ. ೧೯೪೨ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾದಂದಿನಿಂದ ಅಲ್ಲಿಯ ಅಕ್ಕಿಯು ಬರುವುದು ನಿಂತಿತ್ತು. ಯುದ್ಧವು ಮುಗಿದು ಎರಡು ವರ್ಷಗಳಾದರೂ ರೇಷನ್ ಚೀಟಿ ತೊಲಗಿರಲಿಲ್ಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ಅಳತೆ. ಪಕ್ಷಮಾಸದ ಶ್ರಾದ್ಧಕ್ಕೆ ಅನ್ನವಿಲ್ಲದೆ ನಡೆಯದು. ಕರೆದ ಬ್ರಾಹ್ಮಣರಿಗೆ ಅರೆಹೊಟ್ಟೆಯ ಊಟವನ್ನಿಕ್ಕುವುದೂ ಸಲ್ಲದು. ಹೀಗಿರುವಲ್ಲಿ ಗೃಹಿಣಿಯು ಮುಂಚಿನಿಂದಲೇ ಒಲೆಗೆ ಅಕ್ಕಿಯನ್ನಿಡುವಾಗ ಒಂದೊಂದು ಹಿಡಿಯನ್ನು ಬೇರೆ ಗಡಿಗೆಗೆ ತೆಗೆದಿಡಬೇಕಾಗುತ್ತಿತ್ತು. ಹಾಗೆ ತೆಗೆದ ಹಿಡಿಯು ಸಾಮಾನ್ಯವಾಗಿ ಆಕೆಯ ಎಲೆಯದೇ.

ಪಕ್ಷವು ಮುಗಿಯುತ್ತಿದ್ದಂತೆ ಮನೆಯ ರೂಪವೇ ಬದಲಾಗುತ್ತಿತ್ತು. ಮಳೆಗಾಲದ ಬೂಷ್ಟು ಹಿಡಿದ ಹಾಸಿಗೆಗಳನ್ನೂ ಪೆಟ್ಟಿಗೆಯ ಬಟ್ಟೆಗಳನ್ನೂ ಬಿಸಿಲಿಗೆ ಹಾಕುವರು. ಗೋಡೆಗೆ ಸುಣ್ಣ ಬಳಿಯುವರು. ತಾಮ್ರದ ಹಂಡೆಯನ್ನು ಹುಣಿಸೆಹಣ್ಣಿನಿಂದ ಉಜ್ಜಿ ಬೆಳಗುವರು. ಪಾಡ್ಯದಂದು ಪಟ್ಟದ ಗೊಂಬೆಗಳನ್ನು ಕೂರಿಸುವರು. ಸಂಜೆಯ ಆರತಿಗೆ ಬಂದ ಹುಡುಗಿಯರಿಗೆ ಚರುಪು ಹಂಚಬೇಕಲ್ಲವೆ? ಸಕ್ಕರೆಯಿಲ್ಲದಿದ್ದರೆ ಬೆಲ್ಲ, ಬೆಲ್ಲವೂ ಸಾಲದಿದ್ದರೆ ಒಗ್ಗರಣೆ ಹಾಕಿದ ಕಡಲೆ. ಸರಸ್ವತೀಪೂಜೆಗೆ ಪುಸ್ತಕಗಳನ್ನಿಟ್ಟು ಓದಿಗೆ ಬಿಡುವು ಕೊಡುವರು. ಮಹಾನವಮಿಯಂದು ಒರಳು, ಒನಕೆ, ಬೀಸುವ ಕಲ್ಲು, ಈಳಿಗೆಮಣೆಗಳಿಗೂ ಅರಿಸಿನ ಕುಂಕುಮದ ಮರ್ಯಾದೆ ಸಲ್ಲುವುದು.

ಇಲ್ಲಿ ಒಂದು ಮಾತನ್ನು ಮುಚ್ಚದೆ ಹೇಳಬೇಕು. ಈಳಿಗೆಮಣೆಗೆ ದೊರೆತ ಕುಂಕುಮವು ವಿಧವೆಯಾದ ಅತ್ತೆಗೋ ಸೋದರತ್ತೆಗೋ ದೊರೆಯುತ್ತಿರಲಿಲ್ಲ. ಚರುಪನ್ನು ಕಟ್ಟಿದ ಕೈಯೇ ಆರತಿಯ ವೇಳೆಗೆ ಒಳಮನೆಗೆ ಸರಿಯುತ್ತಿತ್ತು. ಆ ಕಾಲದ ಗೃಹಜೀವನವನ್ನು ಕೊಂಡಾಡುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ಅಕ್ಟೋಬರ್ ೧೨ರಂದು, ಮಹಾಲಯ ಅಮಾವಾಸ್ಯೆಗೆ ಎರಡು ದಿನಗಳಿರುವಾಗ, ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರಿಗೂ ಕಾಂಗ್ರೆಸ್ಸಿನ ಕೆ. ಸಿ. ರೆಡ್ಡಿಯವರಿಗೂ ಒಪ್ಪಂದವಾಯಿತು. ಅದೇ ಮಾಸದ ಕೊನೆಯ ವಾರದಲ್ಲಿ, ವಿಜಯದಶಮಿಯ ಆಸುಪಾಸಿನಲ್ಲಿಯೇ, ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಸೆರೆಯಿಂದ ಮರಳಿದ ಮಕ್ಕಳು ಆ ವರ್ಷ ಬನ್ನಿಯನ್ನು ಕೊಟ್ಟು ಹಿರಿಯರಿಗೆ ನಮಸ್ಕರಿಸಿದಾಗ, ಎರಡು ತಿಂಗಳಿಂದ ನಿಂತಿದ್ದ ಮಾತುಗಳು ಎಷ್ಟು ಮನೆಗಳಲ್ಲಿ ಮತ್ತೆ ಮೊದಲಾಗಿರಬೇಕು! ಮಗನು ಮರಳದ ಮನೆಯಲ್ಲಿ ಮಾತ್ರ ಶರತ್ತಿನ ಬೆಳುದಿಂಗಳೂ ಬರಿದೇ.

ಒಪ್ಪಂದದ ತಾರೀಖನ್ನು ಚರಿತ್ರೆಯ ಗ್ರಂಥಗಳು ಹೇಳುತ್ತವೆ. ಹಿಡಿಯಕ್ಕಿಯ ಗಡಿಗೆಯನ್ನು ಹೇಳುವುದಿಲ್ಲ. ಮನೆಯವರು ಕೂಳಿನ ಚಿಂತೆಯನ್ನು ತಮ್ಮ ಮೇಲೆ ಹೊತ್ತುಕೊಳ್ಳದಿದ್ದರೆ ಹುಡುಗರು ಸೆರೆಮನೆಗೆ ಹೋಗುವುದು ಸಾಧ್ಯವಿತ್ತೆ? ಮಹಾಲಯದ ತರ್ಪಣದಲ್ಲಿ ತಂದೆ ತಾಯಿಗಳೊಡನೆ ಬಂಧುಗಳಿಗೂ ಗುರುಗಳಿಗೂ ಮಿತ್ರರಿಗೂ ತಿಲೋದಕವುಂಟು. ಚರಿತ್ರಕಾರನ ಪಟ್ಟಿಯೂ ಅಷ್ಟು ಉದಾರವಾಗಿರಬೇಕಲ್ಲವೆ? ವಾಚಕರ ಮನೆಗಳ ಅಟ್ಟದಲ್ಲಿ ಸರ್ವಜಿತ್ ಸಂವತ್ಸರದ ಪಂಚಾಂಗವೋ, ಆಣೆ ಕಾಸುಗಳ ಲೆಕ್ಕದ ಪುಸ್ತಕವೋ, ಹಳೆಯ ರೇಷನ್ ಚೀಟಿಯೋ ಇದ್ದರೆ, ಈ ಶರತ್ತಿನ ಬಿಸಿಲಿಗೆ ಅವನ್ನೂ ಒಮ್ಮೆ ಹರವಿ, ರದ್ದಿಗೆ ಹಾಕದೆ ಕಾಪಾಡಬೇಕೆಂದು ಪ್ರಾರ್ಥನೆ. ಅವು ಶಾಸನಗಳಿಗಿಂತ ಕಡಿಮೆಯಾದುವಲ್ಲ.