ಹೆಗಲ ಮೇಲಿನ ಹಸಿಬೆ

ಐಹೊಳೆ ಎಂದೊಡನೆ ನಮಗೆ ನೆನಪಾಗುವುದು ದುರ್ಗದ ಗುಡಿ, ಮೇಗುತಿ, ರವಿಕೀರ್ತಿಯ ಶಾಸನ. ಹುನಗುಂದ ಸೀಮೆಯ ಈ ಊರಿನ ಹೆಸರನ್ನು ದೇಶಾಂತರಕ್ಕೆ ಒಯ್ದವರು ಮಾತ್ರ ಹೊರೆ ಹೊತ್ತ ವರ್ತಕರು. ‘ಅಯ್ಯಾವೊಳೆ ಐನೂರ್ವರು’ ಎಂಬ ಅವರ ಸಂಘದ ಹೆಸರು ಕಡಲಾಚೆಯ ಸುಮಾತ್ರದಲ್ಲಿ, ಬಾರೂಸಿನ 1088ರ ತಮಿಳು ಶಾಸನದಲ್ಲಿಯೂ ಇದೆ. ಶಿಕಾರಿಪುರ ಸೀಮೆಯ ಶಾಸನವೊಂದು ಇವರು ಮಾರುತ್ತಿದ್ದ ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನು ಹೊಗಳಿ, ಸಗಟಾಗಿ ಮಾರುವವರ ಜೊತೆಗೆ ಹೆಗಲ ಮೇಲೆ ಹೊತ್ತು ಮಾರುವವರನ್ನೂ ಮರೆಯದೆ ಹೆಸರಿಸುತ್ತದೆ. ಪ್ರಶಸ್ತಿ ಬರೆದ ಕವಿಗೆ ಹೊರೆ ನಾಚಿಕೆಯ ವಸ್ತುವಾಗಿರಲಿಲ್ಲ!

ಈ ಹೊರೆಯ ಉಪಕರಣವನ್ನು ನಮ್ಮ ಕಡೆ ಹಸಿಬೆ ಎನ್ನುತ್ತಾರೆ, ಹಳಗನ್ನಡದ ಪಸುಂಬೆ. ಎರಡೂ ತುದಿಗೆ ಜೇಬು, ನಡುವೆ ಬಾಯಿ. ಹೆಗಲಿಗೆ ಹಾಕಿದರೆ ಒಂದು ಜೇಬು ಎದೆಗೆ, ಇನ್ನೊಂದು ಬೆನ್ನಿಗೆ ಬೀಳುತ್ತದೆ. ತೂಕ ಮೈಗೆ ಹತ್ತಿಕೊಂಡು ಎರಡೂ ಕಡೆ ಸಮನಾಗಿ ನಿಲ್ಲುವುದರಿಂದ ನಡೆಯುವವನು ಬಾಗಬೇಕಾಗಿಲ್ಲ, ಕೈ ಬಿಡುವಾಗಿರುತ್ತದೆ. ಈಗ ಬಾದಾಮಿಯ ಗುಹೆಗಳನ್ನು ಹತ್ತುವ ಪ್ರವಾಸಿಗಳ ಬೆನ್ನಚೀಲವನ್ನು ನೋಡಿದಾಗಲೆಲ್ಲ, ಭಾರವೆಲ್ಲ ಹಿಂದಕ್ಕೇ ಜಗ್ಗುವ ಅದಕ್ಕಿಂತ ನಮ್ಮ ಹಸಿಬೆಯೇ ಜಾಣತನದ್ದೆಂದು ನನಗೆ ಅನ್ನಿಸುತ್ತದೆ. ಎತ್ತಿನ ಬೆನ್ನಿಗೂ ಇದೇ ಉಪಾಯ. ಆ ಹೊರೆಗೆ ಹೇರು ಎಂದು ಹೆಸರು. ಸುಂಕವನ್ನು ಶಾಸನಗಳು ಹೇರು, ತಲೆಹೊರೆಗಳ ಲೆಕ್ಕದಲ್ಲಿಯೇ ಹೇಳುತ್ತವೆ.

ಮುಂದೆ ಈ ವಿದ್ಯೆ ಲಂಬಾಣಿಗರದಾಯಿತು. ಸಾವಿರಾರು ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಅವರು ದೇಶ ಸುತ್ತಿದರು. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ಹೋದ ಇಂಗ್ಲಿಷರ ದಂಡಿಗೂ ಕಾಳು ಬಂದದ್ದು ಇಂಥ ಎತ್ತುಗಳ ಬೆನ್ನಿನ ಮೇಲೆಯೇ.

ಆ ಬೆನ್ನಿನ ಬೆಲೆ ನಮ್ಮ ಜನಕ್ಕೆ ತಿಳಿದದ್ದು 1876–78ರ ಬರದಲ್ಲಿ. ಬಾಗಲಕೋಟೆ, ಬಾದಾಮಿ, ಹುನಗುಂದಗಳೆಲ್ಲ ಆಗ ಕಲಾದಗಿ ಜಿಲ್ಲೆ. ದೂರದ ರೈಲು ನಿಲ್ದಾಣಗಳಲ್ಲಿ ಕಾಳಿತ್ತು. ಅಲ್ಲಿಂದ ತರಲು ಎತ್ತಿರಲಿಲ್ಲ. ಉಳಿದ ಎತ್ತಿಗೆ ಹಾದಿಯಲ್ಲಿ ಮೇವಿಲ್ಲ, ನೀರಿಲ್ಲ. 1872ರ ಖಾನೇಷುಮಾರಿಯಿಂದ 1881ರದಕ್ಕೆ ಬರುವಷ್ಟರಲ್ಲಿ ಜಿಲ್ಲೆಯ ಜನರಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಕಡಿಮೆಯಾಗಿತ್ತು.

ಆ ಪಾಠದ ಫಲವಾಗಿ 1880ರ ದಶಕದಲ್ಲಿ ಹೋಟಗಿ–ಗದಗ ರೈಲು ದಾರಿ ಬಾಗಲಕೋಟೆ, ಬಾದಾಮಿಗಳನ್ನು ಹಾದು ಬಂದಿತು. ದೂರದ ಹೇರು ಅಲ್ಲಿಗೆ ಮುಗಿಯಿತು. ಇಳಕಲ್ಲಿಗೆ ಮಾತ್ರ ಆ ರೈಲು ಬರಲಿಲ್ಲ. ಟೋಪಿ ಸೆರಗಿನ ಅಲ್ಲಿಯ ಸೀರೆ ರೈಲು ಕಾಣಬೇಕಾದರೆ ಮೊದಲು ಬಂಡಿಯನ್ನೋ, ಎತ್ತಿನ ಬೆನ್ನನ್ನೋ, ಮನುಷ್ಯನ ಹೆಗಲನ್ನೋ ಏರಬೇಕಾಗಿತ್ತು.